ಕಾಂಪೊಸಿಟ್ ಬಾಂಡಿಂಗ್ ಮಾಡಿಸ್ಬೇಕಾ? ಮೊದಲು ಹಲ್ಲಿನ ಬಣ್ಣ ತೀರ್ಮಾನ ಮಾಡ್ಕೊಳ್ಳಿ

ಮುಂದಿನ ಹಲ್ಲಿನ ತುದಿ ಚೂರು ಮುರಿದಿದೆ ಅಥವಾ ಎರಡು ಹಲ್ಲಿನ ಮಧ್ಯೆ ಸಂದಿ ಇದೆ, ನಗುವಾಗೆಲ್ಲಾ ಕೈ ಅಡ್ಡ ಹೋಗುತ್ತೆ ಅನ್ನೋರು ಬಾಂಡಿಂಗ್ ಬಗ್ಗೆ ಖಂಡಿತ ಯೋಚಿಸಬಹುದು. ಹಲ್ಲಿನ ಬಣ್ಣದ್ದೇ ಮೆತ್ತಗಿರೋ ರೆಸಿನ್ ಪೇಸ್ಟ್ ಹಚ್ಚಿ, ಆಕಾರ ಕೊಟ್ಟು, ನೀಲಿ ಲೈಟಲ್ಲಿ ಗಟ್ಟಿ ಮಾಡ್ತಾರೆ. ಇರೋ ಹಲ್ಲನ್ನ ಉಜ್ಜಿ ಸಣ್ಣ ಮಾಡೋದು ಸಾಮಾನ್ಯವಾಗಿ ಬೇಕಾಗಲ್ಲ ಅಥವಾ ತುಂಬಾ ಕಮ್ಮಿ ಸಾಕು, ನಂಗೆ ಇದು ಇಷ್ಟ ಆಗೋದೇ ಅದಕ್ಕೆ.

ಹುಳುಕು, ವಸಡಿನ ಊತ ಇದ್ರೆ ಮೊದಲು ಅದನ್ನ ವಾಸಿ ಮಾಡಿಸ್ಕೊಳ್ಳಿ. ವಸಡಿಂದ ರಕ್ತ ಬರ್ತಿದ್ರೆ ರೆಸಿನ್ ಸರಿಯಾಗಿ ಅಂಟಲ್ಲ. ಹಲ್ಲು ತುಂಬಾ ಸೊಟ್ಟ ಇದ್ರೆ ಹಲ್ಲನ್ನ ಸಾಲಿಗೆ ತರೋ ಬ್ರೇಸಸ್ (ತಂತಿ) ಅಥವಾ ಅಲೈನರ್ (ತೆಗೆದು ಹಾಕೋ ಪಾರದರ್ಶಕ ಕವಚ) ಮೊದಲು, ಬಾಂಡಿಂಗ್ ಆಮೇಲೆ.

ಜಾಸ್ತಿ ಜನ ಎಡವೋದು ಬಣ್ಣದ ವಿಷಯದಲ್ಲಿ. ರೆಸಿನ್ ಮೇಲೆ ಬ್ಲೀಚ್ ಕೆಲಸ ಮಾಡಲ್ಲ, ಅಂದ್ರೆ ಬಾಂಡಿಂಗ್ ಮುಗಿಸಿ ಆಮೇಲೆ ವೈಟ್ನಿಂಗ್ ಮಾಡಿಸಿದ್ರೆ ಸ್ವಂತ ಹಲ್ಲು ಬೆಳ್ಳಗಾಗುತ್ತೆ, ಅಂಟಿಸಿದ ಭಾಗ ಹಳೇ ಬಣ್ಣದಲ್ಲೇ ಉಳಿದು ತೇಪೆ ಥರ ಕಾಣುತ್ತೆ. ಬೆಳ್ಳಗೆ ಬೇಕು ಅಂದ್ರೆ ವೈಟ್ನಿಂಗ್ ಮೊದಲೇ ಮುಗಿಸಿ, ಸುಮಾರು 2 ವಾರ ಬಿಟ್ಟು ಬಾಂಡಿಂಗ್‌ಗೆ ಹೋಗಿ. ಬ್ಲೀಚಿಂದ ಹಲ್ಲಲ್ಲಿ ಉಳಿಯೋ ಆಕ್ಸಿಜನ್ ಹೋಗೋವರೆಗೂ ರೆಸಿನ್ ಗಟ್ಟಿಯಾಗಿ ಹಿಡಿಯಲ್ಲ, ಅದೂ ಅಲ್ದೆ ಹೊಸ ಬಣ್ಣ ಒಂದು ಹದಕ್ಕೆ ಬಂದು ನಿಲ್ಲೋಕೂ ಟೈಮ್ ಬೇಕು, ದಯವಿಟ್ಟು ಆತುರ ಮಾಡ್ಬೇಡಿ.

ಆ ದಿನ ಕುರ್ಚಿಲಿ ಕೂತ ತಕ್ಷಣ ಶೇಡ್ ನೋಡಿ ಅಂತ ಕೇಳಿ. ಬಾಯಿ ತೆರ್ಕೊಂಡೇ ಇದ್ದು ಹಲ್ಲು ಒಣಗಿದ್ರೆ ಇರೋದಕ್ಕಿಂತ ಬೆಳ್ಳಗೆ ಕಾಣುತ್ತೆ, ಆಗ ಆರಿಸಿದ ಶೇಡ್ ತಪ್ಪುತ್ತೆ. ಸ್ವಲ್ಪ ರೆಸಿನ್ ಹಲ್ಲಿನ ಮೇಲೆ ಹಚ್ಚಿ ಲೈಟ್ ಹಾಕಿ ತೋರಿಸಿದ್ರೆ ಇನ್ನೂ ಒಳ್ಳೇದು. ಆಕಾರಾನೂ ಅಂಟಿಸದೆ ಸುಮ್ನೆ ಇಟ್ಟು ಕನ್ನಡೀಲಿ ತೋರಿಸೋಕೆ ಹೇಳಿ, ಉದ್ದ ಆಯ್ತು ಅನ್ಸಿದ್ರೆ ಸಂಕೋಚ ಬೇಡ, ಅಲ್ಲೇ ಹೇಳಿಬಿಡಿ.

ಆಮೇಲಿನದು ಡಾಕ್ಟರ್ ಕೆಲಸ. ಫಾಸ್ಫಾರಿಕ್ ಆಸಿಡ್ ಜೆಲ್ಲನ್ನ 15ರಿಂದ 30 ಸೆಕೆಂಡ್ ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಮೇಲೆ ಇಟ್ಟು ತೊಳೀತಾರೆ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ ಬೀಳುತ್ತೆ, ರೆಸಿನ್‌ಗೆ ಹಿಡಿತ ಸಿಗೋದು ಅಲ್ಲೇ. ಈ ಉಪಾಯ 1955ರಲ್ಲಿ ಅಮೆರಿಕದ ದಂತವೈದ್ಯ ಮೈಕೆಲ್ ಬ್ಯೂನೊಕೋರ್ ತೋರಿಸಿಕೊಟ್ಟಿದ್ದು. ಆಮೇಲೆ ಬಾಂಡ್ (ಅಂಟಿನ ದ್ರವ) ಹಚ್ಚಿ, ರೆಸಿನ್ನಿನ ಒಂದೊಂದು ಪದರ ಸುಮಾರು 2 ಮಿಲಿಮೀಟರ್ ಮೀರದ ಹಾಗೆ ಇಟ್ಟು ಲೈಟ್ ಹಾಕ್ತಾರೆ, ಅದಕ್ಕಿಂತ ದಪ್ಪ ಆದ್ರೆ ಸಾಮಾನ್ಯ ರೆಸಿನ್ ಒಳಗೆ ಸರಿಯಾಗಿ ಗಟ್ಟಿ ಆಗಲ್ಲ. ಎಂಜಲು ತಾಗಿದ್ರೆ ಹಿಡಿತ ಹಾಳು, ಅದಕ್ಕೆ ಎಷ್ಟೇ ಕಿರಿಕಿರಿ ಆದ್ರೂ ನಾಲಿಗೆ ಆಡಿಸ್ಬೇಡಿ. ಒಂದು ಹಲ್ಲಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತೆ, ಇಂಜೆಕ್ಷನ್ ಹೆಚ್ಚಾಗಿ ಬೇಕಾಗಲ್ಲ.

ಏಳೋಕೆ ಮುಂಚೆ ಬಣ್ಣದ ಪೇಪರ್ ಕಚ್ಚಿಸಿ ನೋಡ್ತಾರೆ, ಎಲ್ಲಾದ್ರೂ ಎತ್ತರ ಅನ್ಸಿದ್ರೆ ಹೇಳಿ, ಮೇಲಿಂದ ಮೇಲೆ ಅಲ್ಲೇ ಒತ್ತಡ ಬಿದ್ರೆ ಚಕ್ಕೆ ಏಳುತ್ತೆ. ಹಲ್ಲಿನ ಮಧ್ಯೆ ಫ್ಲಾಸ್ (ಸಂದಿ ಕ್ಲೀನ್ ಮಾಡೋ ದಾರ) ಹೋಗುತ್ತಾ ಅಂತಾನೂ ನೋಡಿಸ್ಕೊಳ್ಳಿ, ಸಿಕ್ಕಾಕೊಂಡ್ರೆ ಅಲ್ಲಿ ಊಟದ ಚೂರು ನಿಂತು ವಸಡು ಹಾಳಾಗುತ್ತೆ.

ಮೊದಲ 48 ಗಂಟೆ ಕಾಫಿ, ಟೀ, ಸಿಗರೇಟ್ ಬಿಟ್ಟಿರಿ. ಉಗುರು, ಪೆನ್ ಕಚ್ಚೋದು, ಹಲ್ಲಲ್ಲಿ ಮುಚ್ಚಳ ತೆಗೆಯೋದು ಯಾವತ್ತೂ ಬೇಡ. ನಿದ್ದೇಲಿ ಹಲ್ಲು ಕಡಿಯೋ ಅಭ್ಯಾಸ ಇದ್ರೆ ರಾತ್ರಿ ಹಲ್ಲಿಗೆ ಹಾಕೋ ಕವಚ, ಅಂದ್ರೆ ನೈಟ್ ಗಾರ್ಡ್ ಬೇಕೇ ಬೇಕು. ಚೆನ್ನಾಗಿ ನೋಡ್ಕೊಂಡ್ರೆ ಸಾಮಾನ್ಯವಾಗಿ 5ರಿಂದ 7 ವರ್ಷ ಬರುತ್ತೆ, ಮಧ್ಯದಲ್ಲಿ ಚೂರು ಕಿತ್ಕೊಂಡ್ರೆ ಎಲ್ಲಾ ತೆಗೆದು ಹೊಸದಾಗಿ ಮಾಡಿಸೋದು ಬೇಡ, ಹೆಚ್ಚಿನ ಸಲ ಅಷ್ಟಕ್ಕೇ ರೆಸಿನ್ ಸೇರಿಸಿ ಪಾಲಿಶ್ ಮಾಡಿ ಕಳಿಸ್ತಾರೆ.