ಕೇರಿ ಕೆಡವೋ ಮೊದಲು ಒಂದು ನೋಟ್‌ಬುಕ್ ತನ್ನಿ

ಕಾರವಾರದಲ್ಲಿ ಕಡಲಿಗೆ ಹತ್ತಿರವಿದ್ದ ನಮ್ಮ ಕೇರಿಯನ್ನು ಕೆಡವಿ ಅದೇ ಜಾಗದಲ್ಲಿ ಸರ್ಕಾರದ ಜಿ ಪ್ಲಸ್ ಟು ಮನೆ, ಅಂದರೆ ನೆಲಮಹಡಿ ಮೇಲೆ ಇನ್ನೆರಡು ಮಹಡಿಯ ಬ್ಲಾಕುಗಳನ್ನು ಕಟ್ಟಿದರು. ನಾನು ಅಲ್ಲೇ ಇದ್ದವಳು, ಅಲ್ಲೇ ಅಂಗನವಾಡಿ ನಡೆಸಿದವಳು. ಈಗ ಬೇರೆ ಕೇರಿಯವರು ಬಂದು "ಅಕ್ಕೋರೇ, ನಮ್ಮಲ್ಲೂ ಅಳತೆ ಮಾಡಿ ಹೋದರು, ಮುಂದೇನು ಮಾಡೋದು?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಮನೆ ಬೇಡ ಅನ್ನಬೇಡಿ. ಹಳೇ ಮನೆಯಲ್ಲಿ ಪ್ರತಿ ಮಳೆಗಾಲ ಗಟಾರದ ನೀರು ಅಡುಗೆಮನೆಗೆ ಬರುತ್ತಿತ್ತು. ಈಗ ಬರುವುದಿಲ್ಲ. ಹೆಣ್ಣುಮಕ್ಕಳು ಕತ್ತಲಾಗಲಿ ಅಂತ ಕಾಯಬೇಕಾಗಿಲ್ಲ, ಮನೆಯೊಳಗೇ ಶೌಚಾಲಯ ಇದೆ. ಇದು ಸಣ್ಣ ಮಾತಲ್ಲ. ಆದರೆ ಸರ್ಕಾರ ಕೊಡುವುದು ಮನೆ. ಕೇರಿಯನ್ನು ಉಳಿಸಿಕೊಳ್ಳಬೇಕಾದವರು ನಾವು.

ಮೊದಲು 200 ಪುಟದ ಒಂದು ನೋಟ್‌ಬುಕ್ ತನ್ನಿ. ಒಂದು ಬಾಗಿಲಿಗೆ ಒಂದು ಪುಟ. ಮನೆಯಲ್ಲಿ ಎಷ್ಟು ಜನ, ಏನು ಕೆಲಸ, ಕರೆಂಟ್ ಮೀಟರ್ ಯಾರ ಹೆಸರಲ್ಲಿದೆ, ಯಾರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಎಲ್ಲ ಬರೆಯಿರಿ. ಬಾಡಿಗೆಗೆ ಇರುವವರನ್ನೂ ಬಿಡಬೇಡಿ. ಆಮೇಲೆ ಇನ್ನೊಂದು ಸಾಲು: ಈ ಮನೆಯ ಮಗುವನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ? ಕೀ ಯಾರ ಹತ್ತಿರ ಇಟ್ಟು ಹೋಗುತ್ತಾರೆ? ರಾತ್ರಿ ಎದೆನೋವು ಬಂದರೆ ಯಾರನ್ನು ಕೂಗುತ್ತಾರೆ? ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು, ಆಧಾರ್, ಆದಾಯ ಇರುತ್ತದೆ. ಇದು ಇರುವುದಿಲ್ಲ.

ನಾವು ಇದನ್ನು ಬರೆಯಲಿಲ್ಲ. ಪಟ್ಟಿಯಲ್ಲಿ ಹೆಸರಿದೆಯಾ ಅಂತ ಮಾತ್ರ ನೋಡಿದೆವು. ಯಾರಿಗೆ ಯಾವ ಮನೆ ಅಂತ ಲಾಟರಿ ಎತ್ತಿದರು. ಮೊಣಕಾಲು ನೋವಿನ ಅಜ್ಜಿಯೊಬ್ಬರಿಗೆ ಎರಡನೇ ಮಹಡಿ ಬಂತು. ಅವರ ಪಕ್ಕದ ಮನೆಯವಳು ದಿನಾ ಬೆಳಿಗ್ಗೆ ನಡುವಿನ ಮೋಟುಗೋಡೆ ಮೇಲೆ ಚಹಾದ ಲೋಟ ಇಟ್ಟು ಒಂದು ಕೂಗು ಹಾಕುತ್ತಿದ್ದಳು. ಗೋಡೆಯ ಮೇಲೆ ಲೋಟದ ತಳದಷ್ಟೇ ಗುಂಡನೆಯ ಕಲೆ ಬಿದ್ದಿತ್ತು. ಅವಳಿಗೆ ಆಚೆ ಕೊನೆಯ ಬ್ಲಾಕ್ ಬಂತು. ಅಜ್ಜಿ ಆ ಮಳೆಗಾಲ ಪೂರ್ತಿ ಕೆಳಗೆ ಇಳಿಯಲೇ ಇಲ್ಲ.

ಆದ್ದರಿಂದ ಲಾಟರಿಗೆ ಮೊದಲೇ ಮನವಿ ಕೊಡಿ. ಹೀಗೆ ಬರೆದರೆ ಸಾಕು: "ಕೆಳಗೆ ಸಹಿ ಮಾಡಿದ ಐದು ಕುಟುಂಬದವರು ಬಹಳ ವರ್ಷದಿಂದ ಅಕ್ಕಪಕ್ಕ ಇದ್ದೇವೆ. ಮಕ್ಕಳನ್ನು, ವಯಸ್ಸಾದವರನ್ನು ಒಬ್ಬರಿಗೊಬ್ಬರು ನೋಡಿಕೊಳ್ಳುತ್ತೇವೆ. ನಮ್ಮನ್ನು ಒಂದೇ ಗುಂಪಾಗಿ ಲಾಟರಿಗೆ ಸೇರಿಸಿ, ಒಂದೇ ಬ್ಲಾಕಿನಲ್ಲಿ ಮನೆ ಕೊಡಬೇಕು. ಮೆಟ್ಟಿಲು ಹತ್ತಲಾಗದವರಿಗೆ ನೆಲಮಹಡಿ ಕೊಡಬೇಕು." ಎರಡು ಪ್ರತಿ ಮಾಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ನಮಗೆ ಒಂದು ಕಚೇರಿಯಲ್ಲಿ "ನೋಡೋಣ" ಅಂದರು. ನಾವು ಅಷ್ಟಕ್ಕೇ ಖುಷಿಯಾಗಿ ಮನೆಗೆ ಬಂದೆವು. ಆಮೇಲೆ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬ್ಲಾಕಿನ ನಕಾಶೆಗೆ ಒಂದು ಅರ್ಜಿ, ಫಲಾನುಭವಿ ಪಟ್ಟಿಗೆ ಇನ್ನೊಂದು. ನಿಮ್ಮದು ಘೋಷಿತ ಕೊಳಚೆ ಪ್ರದೇಶ ಹೌದೋ ಅಲ್ಲವೋ ಅಂತಲೂ ಕೇಳಿ. 1973ರ ಕರ್ನಾಟಕ ಕೊಳಚೆ ಪ್ರದೇಶ ಕಾಯ್ದೆಯಲ್ಲಿ ಆ ಘೋಷಣೆಗೆ ತುಂಬಾ ಬೆಲೆ ಇದೆ.

ಕೆಡವುವ ದಿನದ ಬಗ್ಗೆ ಗಟ್ಟಿಯಾಗಿ ಮಾತಾಡಿ. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ದೋಣಿ ನಿಂತರೆ ಕೈಯಲ್ಲಿ ದುಡ್ಡಿಲ್ಲ. ಮೇಲಿಂದ ಮಳೆ. ಆ ಹೊತ್ತಿಗೆ ಮನೆ ಬಿಡಿಸಿದರೆ ಬಾಡಿಗೆ ಮನೆಗೆ ಅಡ್ವಾನ್ಸ್ ಎಲ್ಲಿಂದ ತರೋದು? ಚೌತಿ ಕಳೆದ ಮೇಲೆ ಕೆಡವಿ ಅಂತ ಬರೆದು ಕೊಡಿ. ಮನೆ ಸಿಗುವವರೆಗೆ ಬಾಡಿಗೆ ಯಾರು ಕಟ್ಟುತ್ತಾರೆ ಅನ್ನುವುದೂ ಕಾಗದದಲ್ಲಿ ಬರಲಿ.

ಕಾಗದ ಯಾಕೆ ಅಂತ ಅನುಮಾನ ಇದ್ದರೆ ಇಲ್ಲಿನ ಸೀಬರ್ಡ್ ನೌಕಾನೆಲೆಗಾಗಿ ಮನೆ, ಜಮೀನು ಬಿಟ್ಟ ನಿರಾಶ್ರಿತರನ್ನು ಕೇಳಿ. ಅದಕ್ಕೆ 1986ರಲ್ಲಿ ಅಡಿಗಲ್ಲು ಬಿತ್ತು. ಪರಿಹಾರದ ಕೇಸುಗಳು ಎಷ್ಟೋ ವರ್ಷ ನಡೆದವು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹಳೇ ನೋಟಿಸು, ರಸೀದಿಗಳೆಲ್ಲ ಇವತ್ತಿಗೂ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ.

ಇನ್ನು ಮನೆಯ ಹೊರಗಿನ ಜಾಗ. ನಮಗೆ ಬಹಳ ನಷ್ಟ ಆಗಿದ್ದು ಇಲ್ಲೇ. ಬಂಗಡೆ, ತಾರ್ಲೆ ಒಣಗಿಸುವುದು, ಬಲೆ ಹೆಣೆಯುವುದು ಎಲ್ಲ ಅಂಗಳದಲ್ಲಿ. ಬೇಸಿಗೆಯಲ್ಲಿ ಒಣಗಿಸಿದ ಮೀನು ಮಾರಿಯೇ ಎಷ್ಟೋ ಹೆಂಗಸರು ಮಳೆಗಾಲ ದಾಟುತ್ತಿದ್ದರು. ನಕಾಶೆಯಲ್ಲಿ ಅಂಗಳಕ್ಕೆ ಹೆಸರೇ ಇರಲಿಲ್ಲ, ಹಾಗಾಗಿ ಅದು ಬೈಕ್ ನಿಲ್ಲಿಸುವ ಜಾಗ ಆಯಿತು. ನೀವು ಮೊದಲೇ ಹಗ್ಗ ಹಿಡಿದು ಅಳೆಯಿರಿ. ಮೀನು ಹರವಿದ ದಿನವೇ ಫೋಟೋ ತೆಗೆಯಿರಿ. ಎಷ್ಟು ಅಡಿ ಉದ್ದ, ಎಷ್ಟು ಅಡಿ ಅಗಲ, ಎಷ್ಟು ಮನೆಯವರ ಸಂಪಾದನೆ ಅಂತ ಬರೆದು, "ಮೀನು ಒಣಗಿಸುವ ಕಟ್ಟೆ" ಅಂತಲೇ ನಕಾಶೆಯಲ್ಲಿ ಹಾಕಿಸಿ. ತಳಪಾಯ ಎದ್ದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ರೇಷನ್ ಕಾರ್ಡ್, ಮತದಾರರ ಪಟ್ಟಿಯ ವಿಳಾಸ ಬದಲಾವಣೆ ನಿಮಗೆ ಗೊತ್ತೇ ಇದೆ. ಹಕ್ಕುಪತ್ರ ಮಾತ್ರ ಮನೆಯ ಹೆಂಗಸಿನ ಹೆಸರಲ್ಲಿ, ಇಲ್ಲವೇ ಇಬ್ಬರ ಹೆಸರಲ್ಲಿ ಆಗಲಿ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಿಯಮದಲ್ಲೇ ಅದು ಇದೆ.

ಕೀ ತೆಗೆದುಕೊಳ್ಳುವ ದಿನ ಟೇಪು, ಒಂದು ಬಕೆಟ್ ನೀರು ಒಯ್ಯಿರಿ. ಒಳಗಿನ ಜಾಗ 30 ಚದರ ಮೀಟರ್ ಅಂತ ಹೇಳಿದ್ದರೆ ಅದು ಸುಮಾರು 323 ಚದರ ಅಡಿ, ಅಳೆದು ನೋಡಿ. ಬಚ್ಚಲಿನ ಮೂಲೆಗೆ ನೀರು ಸುರಿಯಿರಿ, ಹೋಗುತ್ತದೋ ನಿಲ್ಲುತ್ತದೋ ನೋಡಿ. ಪಶ್ಚಿಮದ ಕಿಟಕಿಗೆ ಸಜ್ಜಾ ಸಾಕಷ್ಟು ಮುಂದೆ ಬಂದಿದೆಯಾ ನೋಡಿ, ನಮ್ಮ ಮಳೆ ಅಡ್ಡಡ್ಡ ಹೊಡೆಯುತ್ತದೆ ಅಲ್ವಾ. ರಿಪೇರಿಯ ಹೊಣೆ ಗುತ್ತಿಗೆದಾರನ ಮೇಲೆ ಎಷ್ಟು ವರ್ಷ ಇರುತ್ತದೆ ಅಂತ ಬರಹದಲ್ಲಿ ಕೇಳಿ.

ಲಾಟರಿ ಆಗಿಹೋಗಿದ್ದರೂ ದಾರಿ ಇದೆ. ನಮ್ಮ ಅಜ್ಜಿಗೆ ಕೊನೆಗೆ ನೆಲಮಹಡಿ ಸಿಕ್ಕಿತು. ಕೆಳಗಿದ್ದ ಚಿಕ್ಕ ವಯಸ್ಸಿನ ಗಂಡ ಹೆಂಡತಿ ಮೇಲೆ ಹೋಗಲು ಒಪ್ಪಿದರು. ಎರಡೂ ಮನೆಯವರು ಸಹಿ ಹಾಕಿ ಅದಲುಬದಲಿಗೆ ಅರ್ಜಿ ಕೊಟ್ಟು, ಕಚೇರಿಯ ಆದೇಶ ಬಂದ ಮೇಲೆಯೇ ಸಾಮಾನು ಸಾಗಿಸಿದೆವು. ಬಾಯಿಮಾತಿನಲ್ಲಿ ಬದಲಾಯಿಸಿಕೊಂಡರೆ ಮುಂದೆ ಹಕ್ಕುಪತ್ರಕ್ಕೆ ತೊಂದರೆ.

ಮನೆ ಸೇರಿದ ಮೊದಲ ವಾರವೇ ಬ್ಲಾಕಿನವರೆಲ್ಲ ಸಭೆ ಸೇರಿ, ಟೆರೇಸಿನ ಕೀ ಯಾರ ಹತ್ತಿರ ಇರಬೇಕು ಅಂತ ಬರೆದಿಡಿ. ನಮ್ಮಲ್ಲಿ ಒಬ್ಬರೇ ಇಟ್ಟುಕೊಂಡು, ಮೀನಿನ ವಾಸನೆ ಅಂತ ಬೀಗ ಹಾಕಿ, ದೊಡ್ಡ ಜಗಳವೇ ಆಯಿತು. ಈಗ ಕೀ ವಾರಕ್ಕೊಂದು ಮನೆಯಲ್ಲಿ ಇರುತ್ತದೆ. ಟೆರೇಸಿನ ಪಶ್ಚಿಮದ ಅರ್ಧ ಬಟ್ಟೆಗೆ, ಪೂರ್ವದ ಅರ್ಧ ಮೀನಿಗೆ. ಹಗಲು ಕಡಲ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಹಾಗಾಗಿ ಬಟ್ಟೆಗೆ ವಾಸನೆ ಹಿಡಿಯುವುದಿಲ್ಲ.