ಬೀಟಾ ಹಾಕಿಕೊಳ್ಳಲೋ ಬೇಡವೋ: ನನ್ನ ಅನುಭವ

2008ರ ಮಾರ್ಚ್. ಮೈಸೂರಿನ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಒಂದು ಕಂಪ್ಯೂಟರ್. ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಫೈರ್‌ಫಾಕ್ಸ್ 2 ಅನ್ನೋ ಬ್ರೌಸರ್. ಸಂಜೆ ಹೊತ್ತು ನಾನು ಕನ್ನಡದ ಕರಡು ತಿದ್ದುತ್ತಿದ್ದೆ. ಅಚ್ಚಿನ ಕರಡಲ್ಲ, ವೆಬ್‌ಗೆ ಹೋಗುವ ಯುನಿಕೋಡ್ ಪುಟಗಳದ್ದು. ಪುಟಕ್ಕೆ ಇಷ್ಟು ಅಂತ ದುಡ್ಡು. ದೊಡ್ಡ ಮೊತ್ತವೇನಲ್ಲ, ಆದರೆ ಇಂಟರ್‌ನೆಟ್ ಬಿಲ್ಲು ಕಟ್ಟಿ ಸ್ವಲ್ಪ ಮಿಗುತ್ತಿತ್ತು.

ತೊಂದರೆ ಇದ್ದದ್ದು ಒಂದೇ ಕಡೆ. ಪುಟ ಮಾಡುವವರಿಗೆ ಎಡ ಬಲ ಎರಡೂ ಅಂಚು ಸಮವಾಗಿ ಬರಬೇಕು, ಪತ್ರಿಕೆ ಹಾಗೆ ಕಾಣಬೇಕು ಅನ್ನೋ ಆಸೆ. ಫೈರ್‌ಫಾಕ್ಸ್ 2ರಲ್ಲಿ ಹಾಗೆ ಅಂಚು ಸಮ ಮಾಡಿದ ಕನ್ನಡ ಪುಟ ತೆರೆದರೆ ಅಕ್ಷರಗಳು ಚೆಲ್ಲಾಪಿಲ್ಲಿ. ‘ರಾಷ್ಟ್ರೀಯ’ ಅಂತ ಇದ್ದ ಜಾಗದಲ್ಲಿ ಷ ಒಂದು ಕಡೆ, ಒತ್ತು ಇನ್ನೊಂದು ಕಡೆ, ಗುಡಿಸಿನ ದೀರ್ಘ ಮತ್ತೆಲ್ಲೋ. ಸಾಲನ್ನು ಹಿಗ್ಗಿಸುವಾಗ ಅದು ಒತ್ತು, ಗುಣಿತ ಎಲ್ಲ ಸೇರಿದ ಅಕ್ಷರವನ್ನು ಒಂದೇ ತುಂಡು ಅಂತ ನೋಡುತ್ತಿರಲಿಲ್ಲ, ಬಿಡಿಸಿ ಹರಡಿಬಿಡುತ್ತಿತ್ತು. ಕನ್ನಡ ಮಾತ್ರವಲ್ಲ, ತೆಲುಗು, ಮಲಯಾಳಂ ಓದುವವರಿಗೂ ಇದೇ ಗೋಳು. ಭಾರತೀಯ ಭಾಷೆಗಳಲ್ಲಿ ಬರೆಯುವವರಿಗೆಲ್ಲ ಗೊತ್ತಿದ್ದ ವಿಷಯ ಇದು.

ನಾನು ಮಾಡುತ್ತಿದ್ದ ಉಪಾಯ ಒಂದಿತ್ತು. ವ್ಯೂ ಮೆನುವಿಗೆ ಹೋಗಿ, ಪೇಜ್ ಸ್ಟೈಲ್‌ನಲ್ಲಿ ನೋ ಸ್ಟೈಲ್ ಒತ್ತುವುದು. ಪುಟದ ಅಲಂಕಾರವೆಲ್ಲ ಉದುರಿ ಬರೀ ಅಕ್ಷರ ಉಳಿಯುತ್ತಿತ್ತು. ಓದಬಹುದು. ಆದರೆ ದಪ್ಪಕ್ಷರ ಎಲ್ಲಿ ಬೇಕಿತ್ತು, ಉಪಶೀರ್ಷಿಕೆ ಸರಿ ಇದೆಯಾ, ಚಿತ್ರದ ಕೆಳಗಿನ ಸಾಲು ಎಲ್ಲಿ ಬಿತ್ತು ಅನ್ನೋದು ಗೊತ್ತಾಗುತ್ತಿರಲಿಲ್ಲ. ಇಲ್ಲವಾದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತೆರೆಯಬೇಕು. ಅದರಲ್ಲಿ ಅಕ್ಷರ ಸರಿಯಾಗೇ ಬರುತ್ತಿತ್ತು, ಒಪ್ಪಿಕೊಳ್ಳಬೇಕು. ಆದರೆ ಟ್ಯಾಬ್‌ಗಳ ರುಚಿ ಹತ್ತಿದವನಿಗೆ ಎಕ್ಸ್‌ಪ್ಲೋರರ್ 6ಕ್ಕೆ ವಾಪಸ್ ಹೋಗುವುದು ಅಂದರೆ ಗ್ಯಾಸ್ ಒಲೆ ಬಿಟ್ಟು ಸೌದೆ ಊದಿದ ಹಾಗೆ.

ಅಷ್ಟರಲ್ಲಿ ಫೈರ್‌ಫಾಕ್ಸ್ 3ರ ಬೀಟಾಗಳು, ಅಂದರೆ ಪೂರ್ತಿ ಸಿದ್ಧವಾಗುವ ಮೊದಲು ಪರೀಕ್ಷೆಗೆ ಅಂತ ಬಿಡುವ ಆವೃತ್ತಿಗಳು, ಬರಲು ಶುರುವಾಗಿದ್ದವು. ಮೊದಲನೆಯದು 2007ರ ನವೆಂಬರ್‌ನಲ್ಲಿ. ಅದರ ಒಳಗಿನ ಎಂಜಿನ್ ಗೆಕೊ 1.9ರಲ್ಲಿ ಅಕ್ಷರ ಜೋಡಿಸುವ ಭಾಗವನ್ನೇ ಹೊಸದಾಗಿ ಬರೆದಿದ್ದಾರೆ, ಅಂಚು ಸಮ ಮಾಡಿದರೂ ಒತ್ತಕ್ಷರ ಒಡೆಯುವುದಿಲ್ಲ ಅಂತ ಓದಿದೆ. ಬಾಯಲ್ಲಿ ನೀರು ಬಂತು. ಆದರೂ ನಾಲ್ಕು ತಿಂಗಳು ಕೈ ಹಾಕಲಿಲ್ಲ.

ಯಾಕೆ ಹಾಕಲಿಲ್ಲ ಅಂದರೆ ಎರಡು ಭಯ. ಒಂದು, ಆಡ್‌ಆನ್‌ಗಳು, ಅಂದರೆ ಬ್ರೌಸರ್‌ಗೆ ನಾವೇ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು. ಆಗಿನ ಆಡ್‌ಆನ್‌ಗಳು ‘ನಾನು ಇಂಥ ಆವೃತ್ತಿಯವರೆಗೆ ಮಾತ್ರ’ ಅಂತ ಹಣೆಯ ಮೇಲೆ ಬರೆದುಕೊಂಡೇ ಬರುತ್ತಿದ್ದವು. ಬೀಟಾ ಹಾಕಿದ ಕೂಡಲೇ ಅರ್ಧಕ್ಕರ್ಧ ನಿಂತುಹೋಗುತ್ತಿದ್ದವು. ಎರಡನೆಯದು ಬುಕ್‌ಮಾರ್ಕ್. ಫೈರ್‌ಫಾಕ್ಸ್ 2 ಬುಕ್‌ಮಾರ್ಕ್‌ಗಳನ್ನು ಒಂದು ಸಾದಾ ಎಚ್‌ಟಿಎಂಎಲ್ ಕಡತದಲ್ಲಿ ಇಡುತ್ತಿತ್ತು. ಬೇಕಾದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದಿತ್ತು. ಫೈರ್‌ಫಾಕ್ಸ್ 3 ಅದನ್ನೂ, ಹಿಸ್ಟರಿಯನ್ನೂ ಸೇರಿಸಿ ಪ್ಲೇಸಸ್ ಅನ್ನೋ ಡೇಟಾಬೇಸ್‌ಗೆ ಹಾಕುತ್ತಿತ್ತು. ಹೋಗುವ ದಾರಿ ಇತ್ತು, ತಾನೇ ತಾನಾಗಿ ಸಾಗಿಸುತ್ತಿತ್ತು. ಬರುವ ದಾರಿ?

ಇಲ್ಲಿ ನನಗೆ ಒಂದು ಹೊಳೆಯಿತು, ತಡವಾಗಿ. ನಾನು ಇಷ್ಟು ದಿನ ಯೋಚಿಸುತ್ತಿದ್ದದ್ದು ‘ಬೀಟಾ ಚೆನ್ನಾಗಿದೆಯಾ, ಕೆಡುತ್ತದಾ’ ಅಂತ. ಬೀಟಾ ಕೆಟ್ಟರೆ ಏನು ಮಹಾ, ಅಳಿಸಿದರೆ ಆಯಿತು. ಉಳಿಸಿಕೊಳ್ಳಬೇಕಾದದ್ದು ಬ್ರೌಸರ್ ಅಲ್ಲ, ಪ್ರೊಫೈಲ್. ಅಂದರೆ ನನ್ನ ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿ ಎಲ್ಲ ಇರುವ ಆ ಫೋಲ್ಡರ್. ಅದನ್ನು ಬೀಟಾದ ಕೈಗೆ ಕೊಡದೇ ಇದ್ದರೆ ಭಯ ಎಲ್ಲಿಯದು?

ಹಾಗಾಗಿ ಏಪ್ರಿಲ್ ಮೊದಲ ವಾರ ಬೀಟಾ 5 ಬಂದಾಗ ಇಳಿಸಿಕೊಂಡೆ. ಹಳೆಯದರ ಮೇಲೆ ಹಾಕಲಿಲ್ಲ. ಸಿ ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ಹಾಕಿದೆ. ಹಾಕಿ ಮುಗಿದ ಮೇಲೆ ‘ಈಗಲೇ ತೆರೆಯಲಾ’ ಅಂತ ಕೇಳುವ ಟಿಕ್ಕನ್ನು ತೆಗೆದೆ. ತೆಗೆಯದಿದ್ದರೆ ಅದು ನೇರ ಹಳೆಯ ಪ್ರೊಫೈಲ್‌ಗೇ ಬಾಯಿ ಹಾಕುತ್ತಿತ್ತು. ಆಮೇಲೆ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು, ಟಾರ್ಗೆಟ್ ಸಾಲಿನ ಕೊನೆಗೆ ‘ಬೇರೆ ಪ್ರೊಫೈಲ್‌ನಲ್ಲಿ ತೆರೆ, ಇನ್ನೊಂದು ಓಡುತ್ತಿದ್ದರೂ ನೀನು ಬೇರೆಯಾಗೇ ಓಡು’ ಅನ್ನುವ ಎರಡು ಆಜ್ಞೆ ಸೇರಿಸಿದೆ. ಹಳೆಯ ಪ್ರೊಫೈಲ್ ಫೋಲ್ಡರನ್ನು ಒಂದು ಸಿಡಿಗೆ ಬರೆದು ಡ್ರಾಯರ್‌ನಲ್ಲಿಟ್ಟೆ.

ಮೊದಲು ತೆರೆದದ್ದು ನಾನೇ ಬರೆದ ಒಂದು ಪರೀಕ್ಷೆಯ ಪುಟ. ಎರಡೂ ಅಂಚು ಸಮ ಮಾಡಿದ ಒಂದೇ ಪ್ಯಾರಾ. ಅದರಲ್ಲಿ ‘ರಾಷ್ಟ್ರೀಯ’, ‘ಸ್ತ್ರೀ’, ‘ಸಂಸ್ಕೃತಿ’, ‘ಅರ್ಕಾವತಿ’, ‘ಕ್ಷ್ಮಾ’, ಹೀಗೆ ಕಾಟ ಕೊಡುವ ಪದಗಳನ್ನೆಲ್ಲ ಸುರಿದಿದ್ದೆ. ಪುಟ ತೆರೆದುಕೊಂಡಿತು. ಒಂದು ಅಕ್ಷರವೂ ಒಡೆದಿರಲಿಲ್ಲ. ಪದಗಳ ನಡುವಿನ ಜಾಗ ಮಾತ್ರ ಹಿಗ್ಗಿ, ಎರಡೂ ಅಂಚು ದಾರ ಹಿಡಿದ ಹಾಗೆ ನಿಂತಿತ್ತು. ಮನೆಯವಳನ್ನು ಅಡುಗೆ ಮನೆಯಿಂದ ಕರೆದು ತೋರಿಸಿದೆ. ‘ಪೇಪರ್ ಥರ ಇದೆ, ಅದಕ್ಕೇನು?’ ಅಂದಳು. ಅದೇ ಅಲ್ವಾ ನನಗೂ ಬೇಕಿದ್ದದ್ದು.

ಒಂದು ಪದ ಮಾತ್ರ ಸರಿ ಬರಲಿಲ್ಲ: ‘ರ‍್ಯಾಂಕ್’. ರ ಮೊದಲು ಪೂರ್ತಿ ನಿಂತು ಯ ಅದಕ್ಕೆ ಒತ್ತಾಗಬೇಕು. ನನಗೆ ಬಂದದ್ದು ಯಾ, ಅದರ ಪಕ್ಕ ಅರ್ಕಾವೊತ್ತು. ಬೀಟಾದ್ದೇ ತಪ್ಪು ಅಂತ ಬೈಯುತ್ತಾ ಕೂತೆ. ಆಮೇಲೆ ಅದೇ ಪುಟವನ್ನು ಎಕ್ಸ್‌ಪ್ಲೋರರ್‌ನಲ್ಲಿ ತೆರೆದೆ, ಅಲ್ಲೂ ಹಾಗೇ. ವಿಂಡೋಸ್‌ನಲ್ಲಿ ಎರಡೂ ಬ್ರೌಸರ್ ಅಕ್ಷರ ಕೂಡಿಸಲು ಕೇಳುವುದು ಒಬ್ಬನನ್ನೇ, ಯುನಿಸ್ಕ್ರೈಬ್ ಅನ್ನೋ ಭಾಗವನ್ನು. ಫಾಂಟೂ ಒಂದೇ, ಎಕ್ಸ್‌ಪಿ ಜತೆ ಬರುವ ತುಂಗಾ. ಹಾಗಾಗಿ ಬೀಟಾ ನಿರಪರಾಧಿ. ಅವತ್ತಿನಿಂದ ಏನೇ ಕೆಟ್ಟು ಕಂಡರೂ ಪಕ್ಕದಲ್ಲಿ ಇನ್ನೊಂದು ಬ್ರೌಸರ್ ತೆರೆದು ನೋಡಿಯೇ ಬೈಯುವುದು.

ಟೈಪಿಂಗ್ ನೋಡಿದೆ, ಸರಿ ಇತ್ತು. ಪ್ರಿಂಟ್ ನೋಡಿದೆ, ಪರವಾಗಿಲ್ಲ. ನಮ್ಮ ಬ್ಯಾಂಕಿನ ಸೈಟು ಮಾತ್ರ ಒಳಗೇ ಬಿಡಲಿಲ್ಲ. ಅದು ಫೈರ್‌ಫಾಕ್ಸ್ 2ನ್ನೂ ಮುಖ ಸಿಂಡರಿಸಿಕೊಂಡೇ ಬಿಡುತ್ತಿದ್ದದ್ದು. ಸರಿ, ಬ್ಯಾಂಕಿಗೆ ಹಳೆಯದು, ಕರಡಿಗೆ ಹೊಸದು ಅಂತ ಹಂಚಿಕೊಂಡೆ.

ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಕೊಬ್ಬು ಬಂತು. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಶಾರ್ಟ್‌ಕಟ್ ಬಿಟ್ಟು ಸ್ಟಾರ್ಟ್ ಮೆನುವಿನಿಂದ ಬೀಟಾ ತೆರೆದೆ. ಅದು ಹಳೆಯ ಪ್ರೊಫೈಲ್‌ಗೇ ಹೊಕ್ಕಿತು. ನನ್ನ ಎಲ್ಲ ಬುಕ್‌ಮಾರ್ಕ್ ಕಂಡಿತು. ‘ಅರೆ, ಏನೂ ಆಗಲಿಲ್ಲವಲ್ಲ’ ಅಂದುಕೊಂಡು ಅದರಲ್ಲೇ ಮುಂದುವರಿದೆ. ಒಂದು ಲೇಖನಕ್ಕಾಗಿ ನಾಲ್ಕು ದಿನ ಹುಡುಕಿ ಮೂವತ್ತು ನಲವತ್ತು ಕೊಂಡಿ ಕೂಡಿಟ್ಟೆ. ಐದನೇ ದಿನ ಕರೆಂಟ್ ಬಿಲ್ಲಿಗೆ ಅಂತ ಫೈರ್‌ಫಾಕ್ಸ್ 2 ತೆರೆದರೆ ಅವುಗಳಲ್ಲಿ ಒಂದೂ ಇಲ್ಲ. ಎದೆ ಧಸಕ್ ಅಂತು. ನಡೆದದ್ದು ಇಷ್ಟೇ: ಹೊಸ ಕೊಂಡಿಗಳು ಹೊಸ ಡೇಟಾಬೇಸ್‌ನಲ್ಲಿದ್ದವು, ಹಳೆಯದು ತನ್ನ ಹಳೆಯ ಕಡತವನ್ನೇ ಓದುತ್ತಿತ್ತು. ಬೀಟಾದ ಲೈಬ್ರರಿ ಕಿಟಕಿಗೆ ಹೋಗಿ ಎಚ್‌ಟಿಎಂಎಲ್ ಆಗಿ ಹೊರಗೆ ತೆಗೆದು, ಹಳೆಯದಕ್ಕೆ ತುಂಬಿಸಿದೆ. ಅರ್ಧ ಗಂಟೆಯ ಕೆಲಸ. ತಪ್ಪು ಪೂರ್ತಿ ನನ್ನದೇ. ಸ್ಟಾರ್ಟ್ ಮೆನುವಿನಲ್ಲಿದ್ದ ಆ ಹೆಸರನ್ನು ಅಳಿಸಿದೆ, ಮೊದಲೇ ಅಳಿಸಬೇಕಿತ್ತು.

ಅದೇ ಏಪ್ರಿಲ್ ಕೊನೆಗೆ ಉಬುಂಟು 8.04 ಬಂತು. ಉಬುಂಟು ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್‌ನ ಒಂದು ಬಗೆ. ಮೂರು ವರ್ಷ ಡೆಸ್ಕ್‌ಟಾಪ್ ಬೆಂಬಲ ಅಂತ ಹೇಳಿಕೊಂಡ ಆವೃತ್ತಿ, ಅದರಲ್ಲಿ ಮಾಮೂಲಿ ಬ್ರೌಸರ್ ಆಗಿ ಕೊಟ್ಟದ್ದು ಇದೇ ಬೀಟಾ 5. ಆಗ ಸಾಕಷ್ಟು ವಾದವಾಯಿತು. ನನಗೆ ಅವರ ಲೆಕ್ಕ ಸರಿ ಅನ್ನಿಸಿತ್ತು. ಫೈರ್‌ಫಾಕ್ಸ್ 2ಕ್ಕೆ ಮೂರು ವರ್ಷ ಆಯಸ್ಸು ಇರಲಿಲ್ಲ. ನಾಳೆ ಹೇಗೂ ಬಿಡಬೇಕಾದದ್ದನ್ನು ಇವತ್ತು ಕಟ್ಟಿಕೊಡುವುದು ಯಾವ ನ್ಯಾಯ? ಆದರೆ ಬೀಟಾ ಬೇಕು ಅಂತ ಕೇಳಿ ಪಡೆದ ನಾನೇ ಬೇರೆ, ಕೇಳದೇ ಸಿಕ್ಕಿದವರೇ ಬೇರೆ. ಆ ಪ್ಲೇಸಸ್ ಡೇಟಾಬೇಸ್ ಪದೇಪದೇ ಡಿಸ್ಕಿಗೆ ಬರೆಯುತ್ತಿದ್ದುದರಿಂದ ಲಿನಕ್ಸ್‌ನಲ್ಲಿ ಇಡೀ ಯಂತ್ರವೇ ತುಸು ಹೊತ್ತು ನಿಂತಂತಾಗುತ್ತದೆ ಅನ್ನುವ ದೂರುಗಳು ಆಗ ಜೋರಾಗಿದ್ದವು.

ಫೈರ್‌ಫಾಕ್ಸ್ 3 ಪೂರ್ತಿಯಾಗಿ ಹೊರಬಿದ್ದದ್ದು 2008ರ ಜೂನ್ 17ಕ್ಕೆ, ನಮ್ಮಲ್ಲಿ ಹೆಚ್ಚುಕಮ್ಮಿ ನಡುರಾತ್ರಿ. 24 ಗಂಟೆಯಲ್ಲಿ 80,02,530 ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆಯಾಯಿತು. ಅದರಲ್ಲಿ ನನ್ನದೂ ಒಂದು. ಬೀಟಾ ಇದ್ದರೂ ಸುಮ್ನೆ ಲೆಕ್ಕಕ್ಕೆ ಸೇರಲಿ ಅಂತ ಎದ್ದು ಕೂತಿದ್ದೆ.

ಇದೇ ಲೆಕ್ಕ 2017ರಲ್ಲಿ ಉಲ್ಟಾ ಬಂತು. ಫೈರ್‌ಫಾಕ್ಸ್ 57, ಕ್ವಾಂಟಮ್ ಅಂತ ಹೆಸರು. ಬೀಟಾ ಹಾಕಿದವರೆಲ್ಲ ಎಷ್ಟು ಚುರುಕು ಅಂತ ಹೊಗಳುತ್ತಿದ್ದರು. ಆದರೆ ಅದು ಹಳೆಯ ಬಗೆಯ ಆಡ್‌ಆನ್‌ಗಳನ್ನು ಪೂರ್ತಿ ಕೈಬಿಡುತ್ತಿತ್ತು. ಹಳೇ ಫಾಂಟ್‌ಗಳಲ್ಲಿದ್ದ ಪುಟಗಳನ್ನು ಯುನಿಕೋಡ್‌ಗೆ ತಿರುಗಿಸಿ ತೋರಿಸುವ ಒಂದು ಆಡ್‌ಆನ್ ನನ್ನ ಕೆಲಸಕ್ಕೆ ಊರುಗೋಲಾಗಿತ್ತು. ಅದನ್ನು ಹೊಸದಾಗಿ ಬರೆಯುವವರು ಯಾರೂ ಕಾಣಲಿಲ್ಲ. ಸಾಲದ್ದಕ್ಕೆ, 55ರಿಂದಾಚೆಗಿನ ಪ್ರೊಫೈಲನ್ನು ಹಿಂದಿನ ಆವೃತ್ತಿಗಳಿಗೆ ಮರಳಿ ಒಯ್ಯಬೇಡಿ ಅಂತ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾನೇ ಎಚ್ಚರಿಸಿತ್ತು. ವೇಗ ನನಗೆ ಕೆಲಸಕ್ಕೆ ಬೇಕಿರಲಿಲ್ಲ, ಆಡ್‌ಆನ್ ಬೇಕಿತ್ತು. ದೀರ್ಘಾವಧಿ ಬೆಂಬಲದ 52ಕ್ಕೆ ಇಳಿದೆ, ಅದೂ ಹೊಸ ಪ್ರೊಫೈಲ್‌ನಲ್ಲಿ. 2018ರ ಸೆಪ್ಟೆಂಬರ್‌ವರೆಗೆ ಅದಕ್ಕೆ ಬೆಂಬಲ ಇತ್ತು. ಅಷ್ಟರೊಳಗೆ ಬಾಕಿ ಇದ್ದ ಪುಟಗಳನ್ನೆಲ್ಲ ತಿರುಗಿಸಿ ಮುಗಿಸಿದೆ.

ಈಗ ಅಕ್ಕನ ಮಗಳು ಕೇಳುತ್ತಾಳೆ, ‘ಮಾಮ, ನೈಟ್ಲಿ ಹಾಕ್ಕೊಳ್ಳಲಾ?’ ನೈಟ್ಲಿ ಅಂದರೆ ಬೀಟಾಗಿಂತಲೂ ಹಸಿ, ದಿನಕ್ಕೆ ಎರಡು ಸಲ ಬದಲಾಗುವಂಥದ್ದು. ನಮ್ಮ ಕಾಲದಲ್ಲಿ ಅದನ್ನು ಮೈನ್‌ಫೀಲ್ಡ್ ಅನ್ನುತ್ತಿದ್ದರು, ಅಂದರೆ ನೆಲಬಾಂಬು ಹೂತ ಬಯಲು. ಹೆಸರಲ್ಲೇ ಎಚ್ಚರಿಕೆ ಇತ್ತು. ಈಗಿನ ಹೆಸರು ಕೇಳಿದರೆ ಲಾಲಿ ಹಾಡಿನ ಹಾಗಿದೆ.

ಅವಳಿಗೆ ನಾನು ಕೇಳಿದ್ದು ಎರಡೇ. ಮಾಮೂಲಿಯಲ್ಲಿ ಇಲ್ಲದ್ದು ಯಾವುದು ಬೇಕು? ಅದಕ್ಕೆ ಎಷ್ಟು ದಿನ ಕಾಯಬೇಕು? ಫೈರ್‌ಫಾಕ್ಸ್ 2 ಬಂದದ್ದು 2006ರ ಅಕ್ಟೋಬರ್‌ನಲ್ಲಿ, 3 ಬಂದದ್ದು 2008ರ ಜೂನ್‌ನಲ್ಲಿ. ಇಪ್ಪತ್ತು ತಿಂಗಳು. ಅಷ್ಟು ದಿನ ಒಡೆದ ಅಕ್ಷರ ಓದುವುದಕ್ಕಿಂತ ಬೀಟಾ ವಾಸಿ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2020ರಿಂದ ನಾಲ್ಕು ವಾರಕ್ಕೊಂದು ಆವೃತ್ತಿ ಬರುವ ಪದ್ಧತಿ ಶುರುವಾಯಿತು. ಬೀಟಾದಲ್ಲಿರುವುದು ಬಹುಪಾಲು ಮುಂದಿನ ತಿಂಗಳು ತಾನಾಗೇ ಮನೆಗೆ ಬರುತ್ತದೆ. ಹಾಗಾಗಿ ನಾನು ಈಗ ಬೀಟಾ ಹಾಕುವುದು ಕಮ್ಮಿ. ಹಾಕಿದರೂ ಲ್ಯಾಪ್‌ಟಾಪಿನಲ್ಲಿ ಮಾತ್ರ, ಫೋನಿನಲ್ಲಿ ಇಲ್ಲ.

ಒಂದು ವಿಷಯದಲ್ಲಿ ಅವಳು ಅದೃಷ್ಟವಂತೆ. 2019ರ 67ನೇ ಆವೃತ್ತಿಯಿಂದ ಯಂತ್ರದಲ್ಲಿ ಹಾಕಿಕೊಂಡ ಒಂದೊಂದು ಫೈರ್‌ಫಾಕ್ಸ್‌ಗೂ ಬೇರೆ ಬೇರೆ ಪ್ರೊಫೈಲ್ ತಾನಾಗೇ ಸಿಗುತ್ತದೆ. ಹೊಸದರಲ್ಲಿ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಹೋದರೆ ಬಾಗಿಲಲ್ಲೇ ತಡೆದು, ಹೊಸ ಪ್ರೊಫೈಲ್ ಮಾಡಿಕೋ ಅನ್ನುತ್ತದೆ. ನನ್ನ ನಿದ್ದೆಗಣ್ಣಿನ ತಪ್ಪು ಅವಳಿಗೆ ಅಷ್ಟು ಸುಲಭಕ್ಕೆ ಆಗುವುದಿಲ್ಲ.

‘ಯಾವುದು ಬೇಕು’ ಅನ್ನೋದಕ್ಕೆ ಅವಳ ಉತ್ತರ: ‘ಐಕಾನ್ ಚೆನ್ನಾಗಿದೆ ಮಾಮ, ನೇರಳೆ ಬಣ್ಣ.’ ಹಾಕಿಕೊಟ್ಟೆ. ತೆರೆದ ಕೂಡಲೇ ನನ್ನ ಹಳೇ ಪರೀಕ್ಷೆಯ ಪುಟವನ್ನು ಅದರಲ್ಲಿ ತೆರೆದೆ. ‘ರ‍್ಯಾಂಕ್’ ಸರಿಯಾಗೇ ಬಂತು.