ಹಳೇ ಅಸ್ತಿತ್ವವಾದ ಅನುವಾದ ಕೊಳ್ಳುವಾಗ ಮೊದಲು ಟೈಟಲ್ ಪುಟದ ಹಿಂಬದಿ ನೋಡಿ

ಅಸ್ತಿತ್ವವಾದ ಅಂದರೆ ಮನುಷ್ಯ ತನ್ನ ಬದುಕಿಗೆ ತಾನೇ ಅರ್ಥ ಕೊಟ್ಟುಕೊಳ್ಳಬೇಕು ಅನ್ನುವ ಚಿಂತನೆ. ಅದರ ಜೊತೆ ಹೆಸರು ಕೇಳಿಬರುವ ಸಾರ್ತ್ರೆ, ಕಮೂ ಬರೆದ ಫ್ರೆಂಚ್ ಮೂಲದ ಮೊದಲ ಮುದ್ರಣ ಹುಡುಕಲು ಹೋದರೆ ಜೇಬು ಬೇಗ ಖಾಲಿಯಾಗುತ್ತದೆ. ಅದೂ ಅಲ್ಲದೆ, ಓದಲು ಬಾರದ ಭಾಷೆಯ ಪುಸ್ತಕವನ್ನು ಸುಮ್ನೆ ಕಪಾಟಿನಲ್ಲಿ ಇಟ್ಟುಕೊಂಡು ಏನು ಮಾಡುವುದು? ನನಗೆ ಇಷ್ಟವಾಗುವುದು ಇಂಗ್ಲಿಷಿಗೆ ಮೊದಲು ಬಂದ ಅನುವಾದಗಳು. ಕೊಳ್ಳಬಹುದು, ಓದಲೂಬಹುದು.

ಶುರು ಮಾಡುವ ಮೊದಲು ಒಂದು ಚಿಕ್ಕ ಪಟ್ಟಿ ಬರೆದುಕೊಳ್ಳಿ: ಪುಸ್ತಕ, ಅನುವಾದಕರ ಹೆಸರು, ವರ್ಷ. ಲೇಖಕರ ಹೆಸರಿಗಿಂತ ಅನುವಾದಕರ ಹೆಸರೇ ಇಲ್ಲಿ ಮುಖ್ಯ. ಸಾರ್ತ್ರೆಯ 'ಬೀಯಿಂಗ್ ಅಂಡ್ ನಥಿಂಗ್‌ನೆಸ್' ಫ್ರೆಂಚಿನಲ್ಲಿ 1943ರದ್ದು, ಆದರೆ ಹೇಝಲ್ ಬಾರ್ನ್ಸ್ ಮಾಡಿದ ಅನುವಾದ ನ್ಯೂಯಾರ್ಕಿನಲ್ಲಿ ಬಂದದ್ದು 1956ರಲ್ಲಿ. ಜರ್ಮನ್ ತತ್ವಜ್ಞಾನಿ ಹೈಡೆಗರ್ ಇನ್ನೂ ಕಾಯಿಸಿದ. 1927ರ ಪುಸ್ತಕ 'ಬೀಯಿಂಗ್ ಅಂಡ್ ಟೈಮ್' ಆಗಿದ್ದು 1962ಕ್ಕೆ, ಮ್ಯಾಕ್ವಾರಿ ಮತ್ತು ರಾಬಿನ್ಸನ್ ಕೈಯಲ್ಲಿ. ಹಾಗಾಗಿ ಯಾರಾದರೂ ಇವೆರಡರ ಇಂಗ್ಲಿಷ್ ಅನುವಾದದ '1950ರ ಪ್ರತಿ ಇದೆ' ಅಂದರೆ ನೀವು ನಕ್ಕು ಮುಂದೆ ಹೋಗಬಹುದು.

ಒಂದೇ ಅನುವಾದಕ್ಕೆ ಎರಡು ಹೆಸರು ಇರುವುದೂ ಉಂಟು. ಸ್ಟುವರ್ಟ್ ಗಿಲ್ಬರ್ಟ್ ಅನುವಾದಿಸಿದ ಕಮೂ ಕಾದಂಬರಿ 1946ರಲ್ಲಿ ಲಂಡನ್ನಿನಲ್ಲಿ 'ದಿ ಔಟ್‌ಸೈಡರ್', ಅಮೆರಿಕದಲ್ಲಿ 'ದಿ ಸ್ಟ್ರೇಂಜರ್'. ಸಾರ್ತ್ರೆಯ 'ನಾಸಿಯಾ' ಇನ್ನೂ ಮಜಾ. 1949ರಲ್ಲಿ ಲಂಡನ್ನಿನ ಜಾನ್ ಲೇಮನ್ ಅದನ್ನು 'ದಿ ಡೈರಿ ಆಫ್ ಆಂತ್ವಾನ್ ರೊಕಾಂತಾನ್' ಅಂತ ಹೊರತಂದರು. ಎಲ್ಲರೂ 'ನಾಸಿಯಾ' ಅಂತಲೇ ಹುಡುಕುತ್ತಾರೆ, ಅಲ್ವಾ? ನೀವು ಈ ಹೆಸರಲ್ಲೂ ಹುಡುಕಿ. ಅಂದ ಹಾಗೆ, ಅದನ್ನು ಅನುವಾದಿಸಿದ ಲಾಯ್ಡ್ ಅಲೆಕ್ಸಾಂಡರ್ ಆಮೇಲೆ ಮಕ್ಕಳ ಪುಸ್ತಕ ಬರೆದು ಹೆಸರಾದವರು.

ಪುಸ್ತಕ ಕೈಗೆ ಬಂದ ಮೇಲೆ ಟೈಟಲ್ ಪುಟದ ಹಿಂಬದಿ ತೆಗೆಯಿರಿ. 'ಫಸ್ಟ್ ಅಮೆರಿಕನ್ ಎಡಿಷನ್' ಅಥವಾ 'ಫಸ್ಟ್ ಪಬ್ಲಿಷ್ಡ್' ಅಂತ ಇದ್ದು, ಅದರ ಕೆಳಗೆ ಮರುಮುದ್ರಣದ ಸಾಲು ಇಲ್ಲದಿದ್ದರೆ ಒಳ್ಳೆಯ ಲಕ್ಷಣ. ಎಷ್ಟನೇ ಮುದ್ರಣ ಅಂತ ತಿಳಿಸಲು ಈಗಿನ ಪುಸ್ತಕಗಳಲ್ಲಿ ಇರುವ 10 9 8 7 ಅನ್ನುವ ಅಂಕಿ ಸಾಲು ಈ ಕಾಲದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಅದನ್ನು ಹುಡುಕಬೇಡಿ. ಏನೂ ಬರೆದಿಲ್ಲದಿದ್ದರೆ ದೊಡ್ಡ ಲೈಬ್ರರಿಗಳ ಕ್ಯಾಟಲಾಗಿನಲ್ಲಿ ಪ್ರಕಾಶಕರು, ವರ್ಷ, ಪುಟಸಂಖ್ಯೆ ಹೋಲಿಸಿ ನೋಡಿ.

ನಾನು ಮೋಸ ಹೋಗಿದ್ದು ಬೇರೆ ಕಡೆ. ಫೋಟೋದಲ್ಲಿ ವರ್ಷ ಸರಿಯಿತ್ತು, ರಟ್ಟಿನ ಮೇಲೆ ಹೊದಿಸುವ ಕಾಗದದ ಜಾಕೆಟ್ ಫಳಫಳ ಅನ್ನುತ್ತಿತ್ತು, ದುಡ್ಡು ಕಳಿಸಿಬಿಟ್ಟೆ. ಬಂದ ಮೇಲೆ ಹಿಂದಿನ ರಟ್ಟಿನ ಮೇಲೆ ಬೆರಳಾಡಿಸಿದರೆ, ಬೆನ್ನಿನ ಹತ್ತಿರ ಕೆಳಮೂಲೆಯಲ್ಲಿ ಸಣ್ಣ ತಗ್ಗು. ಬಣ್ಣ ಇಲ್ಲ, ಸುಮ್ನೆ ಒತ್ತಿದ ಗುರುತು. ಬುಕ್ ಕ್ಲಬ್ ಪ್ರತಿ! ಅಂದರೆ ಕ್ಲಬ್ ಸದಸ್ಯರಿಗಾಗಿ ಬೇರೆಯಾಗಿ ತೆಗೆದದ್ದು, ಮೊದಲ ಮುದ್ರಣ ಅಲ್ಲ. ಜಾಕೆಟ್ಟಿನ ಒಳಮಡಿಕೆಯಲ್ಲಿ ಬೆಲೆಯೂ ಇರಲಿಲ್ಲ. ಅಂದಿನಿಂದ ನಾಲ್ಕು ಫೋಟೋ ಕೇಳದೆ ಕೊಳ್ಳುವುದಿಲ್ಲ: ಟೈಟಲ್ ಪುಟ, ಅದರ ಹಿಂಬದಿ, ಬೆಲೆ ಇರುವ ಒಳಮಡಿಕೆ, ಮತ್ತೆ ಆ ಹಿಂದಿನ ರಟ್ಟಿನ ಮೂಲೆ, ಅದೂ ಬೆಳಕು ಓರೆಯಾಗಿ ಬೀಳುವಂತೆ.

ಬೆಲೆಯ ದೊಡ್ಡ ಪಾಲು ಜಾಕೆಟ್ಟಿನಲ್ಲೇ ಇರುತ್ತದೆ, ಹಾಗಾಗಿ ಆಟವೂ ಅಲ್ಲೇ ಜಾಸ್ತಿ. ಮೊದಲ ಮುದ್ರಣಕ್ಕೆ ನಂತರದ ಮುದ್ರಣದ ಜಾಕೆಟ್ ಹೊದಿಸಿ ಮಾರುತ್ತಾರೆ. ಜಾಕೆಟ್ಟಿನ ಪ್ರತಿ ಸಾಲನ್ನೂ ಓದಿ. 1946ರ ಕಮೂ ಪುಸ್ತಕದ ಮೇಲೆ ನೊಬೆಲ್ ಪ್ರಶಸ್ತಿಯ ಮಾತಿದ್ದರೆ ಆ ಜಾಕೆಟ್ ಅದರದ್ದಲ್ಲ, ಪ್ರಶಸ್ತಿ ಬಂದದ್ದು 1957ರಲ್ಲಿ. ಒಳಭಾಗ ಬೆಳ್ಳಗೆ ಹೊಸದಾಗಿ ಕಂಡರೆ ನಕಲು ಇರಬಹುದು, ಭೂತಗನ್ನಡಿ ಹಿಡಿದು ಅಕ್ಷರದ ಅಂಚು ನೋಡಿ. ಯುದ್ಧ ಮುಗಿದ ಹೊಸತರಲ್ಲಿ ಬ್ರಿಟನ್ನಿನಲ್ಲಿ ಅಚ್ಚಾದ ಪುಸ್ತಕಗಳ ಕಾಗದ ಮಾತ್ರ ತೆಳು, ಕಂದು. ಅದನ್ನು ದೋಷ ಅಂದುಕೊಳ್ಳಬೇಡಿ. ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡಿ, ಅದು ಪಕ್ಕದ ಪುಸ್ತಕಕ್ಕೂ ಹತ್ತುತ್ತದೆ.

ಫ್ರೆಂಚ್ ಚಿಂತಕಿ ಸಿಮೋನ್ ದ ಬೋವಾ ಅವರ 'ದಿ ಸೆಕೆಂಡ್ ಸೆಕ್ಸ್' ಬಗ್ಗೆ ಒಂದು ಮಾತು. 1953ರ ಅನುವಾದ ಮಾಡಿದ ಪಾರ್ಶ್ಲಿ ಪ್ರಾಣಿಶಾಸ್ತ್ರದವರು, ಮೂಲದ ಸಾಕಷ್ಟು ಭಾಗಕ್ಕೆ ಅದರಲ್ಲಿ ಕತ್ತರಿ ಬಿದ್ದಿದೆ. ಪೂರ್ತಿ ಅನುವಾದ ಬಂದದ್ದು 2009ರಲ್ಲಿ. ಸಂಗ್ರಹಕ್ಕೆ ಹಳೆಯದು, ಓದಿಗೆ ಹೊಸದು. ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಏನು ಹಾರಿಹೋಗಿದೆ ಅಂತ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಅಂದರೆ ಸಾರ್ತ್ರೆಯ 1945ರ ಉಪನ್ಯಾಸ 'ಎಕ್ಸಿಸ್ಟೆನ್ಷಿಯಲಿಸಂ ಈಸ್ ಎ ಹ್ಯೂಮನಿಸಂ' ತಗೊಳ್ಳಿ. ಫ್ರೆಕ್ಟ್‌ಮನ್ ಅನುವಾದ 1947ರದ್ದು, ಮೈರೆ ಅನುವಾದ 1948ರದ್ದು. ತೆಳ್ಳಗಿನ ಪುಸ್ತಕ, ಒಂದು ಸಂಜೆಗೆ ಮುಗಿಯುತ್ತದೆ. ಜಾಕೆಟ್ ಹರಿದಿದ್ದರೆ ಟೇಪು ಮಾತ್ರ ಹಚ್ಚಬೇಡಿ, ಪಾಲಿಯೆಸ್ಟರ್ ಹಾಳೆ ಹೊದಿಸಿ, ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿಡಿ.